ಆರು ವರ್ಷ ಬಳಸಿದ ಕಾನ್ಫೋಕಲ್: ಉದ್ದಗಲ ನಂಬಿ, ಆಳವನ್ನು ಅಳೆದು ನೋಡಿ

ನಮ್ಮ ಲ್ಯಾಬಿಗೆ ಈ ಲೇಸರ್ ಸ್ಕ್ಯಾನಿಂಗ್ ಕಾನ್ಫೋಕಲ್ ಮೈಕ್ರೊಸ್ಕೋಪ್ ಬಂದು ಆರು ವರ್ಷ ಆಯಿತು. ಕೆಳಗಿನಿಂದ ನೋಡುವ ಇನ್ವರ್ಟೆಡ್ ಸ್ಟ್ಯಾಂಡು, ನಾಲ್ಕು ಲೇಸರ್ (405, 488, 561, 640 ನ್ಯಾನೊಮೀಟರ್), 63 ಪಟ್ಟಿನ ಆಯಿಲ್ ಆಬ್ಜೆಕ್ಟಿವ್ (ಗಾಜಿಗೂ ತನಗೂ ನಡುವೆ ಎಣ್ಣೆ ಹನಿ ಇಟ್ಟು ನೋಡುವ ಲೆನ್ಸ್), ಜೀವಂತ ಕೋಶಗಳಿಗೆ 37 ಡಿಗ್ರಿಯ ಚೇಂಬರ್. ಕಂಪನಿಯ ಹೆಸರು ಬರೆಯುವುದಿಲ್ಲ. ಕೆಳಗಿನ ದೂರುಗಳಲ್ಲಿ ಅರ್ಧದಷ್ಟು ಬೇರೆ ಯಾವ ಮೆಷಿನ್ನಿಗೂ ಹೊಂದುತ್ತವೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು.

ಚಪ್ಪಟೆ ಕೋಶಗಳ ಮಟ್ಟಿಗೆ ಇದರ ಬಗ್ಗೆ ತಕರಾರೇ ಇಲ್ಲ. ಗಾಜಿನ ಮೇಲೆ ಹರಡಿಕೊಂಡು ಬೆಳೆಯುವ ಕೋಶದಲ್ಲಿ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳ ಕಟ್ಟುಗಳನ್ನು ಒಂದೊಂದಾಗಿ ಎಣಿಸಬಹುದು. ಫೋಕಸ್ಸಿನಾಚೆಯ ಬೆಳಕನ್ನು ಪಿನ್‌ಹೋಲ್ ಎಂಬ ಸಣ್ಣ ರಂಧ್ರ ತಡೆದುಬಿಡುತ್ತದೆ. 1957ರಲ್ಲಿ ಮಾರ್ವಿನ್ ಮಿನ್ಸ್ಕಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯವೇ ಇವತ್ತಿಗೂ ಇದರ ಜೀವಾಳ. ನಾವು ಪಿನ್‌ಹೋಲನ್ನು 1 ಏರಿ ಯೂನಿಟ್ಟಿಗೆ (ಅದರ ಅಗಲ ಅಳೆಯುವ ಮಾನ) ಇಟ್ಟು ಮರೆತೇಬಿಟ್ಟಿದ್ದೇವೆ.

ತಕರಾರು ಶುರುವಾದದ್ದು ಮೂರನೇ ಆಯಾಮಕ್ಕೆ ಕೈ ಹಾಕಿದಾಗ. ನಾಯಿಯ ಮೂತ್ರಪಿಂಡದಿಂದ 1958ರಲ್ಲಿ ಬೆಳೆಸಿದ ಎಂಡಿಸಿಕೆ ಕೋಶಗಳನ್ನು ಜೆಲ್ಲಿನೊಳಗೆ ಬಿಟ್ಟರೆ ಅವು ಒಳಗೆ ಟೊಳ್ಳಾದ, ಒಂದೇ ಪದರದ ಚೆಂಡುಗಳಾಗಿ ಬೆಳೆಯುತ್ತವೆ. ನಮ್ಮ ಸ್ಟ್ಯಾಕ್‌ಗಳಲ್ಲಿ (ಪದರ ಪದರವಾಗಿ ತೆಗೆದ ಚಿತ್ರಗಳ ಕಟ್ಟುಗಳಲ್ಲಿ) ಚೆಂಡುಗಳೆಲ್ಲ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂತೆ ಕಾಣುತ್ತಿದ್ದವು. ಕೋಶಗಳು ಮೇಲ್ಮುಖವಾಗಿ ಉದ್ದವಾಗುತ್ತಿವೆ ಎಂದು ಒಬ್ಬ ವಿದ್ಯಾರ್ಥಿ ಗ್ರಾಫ್ ಸಮೇತ ಬಂದ. ಎರಡು ವಾರ ನಾವೆಲ್ಲ ನಂಬಿದೆವು ಕೂಡ. ಆಮೇಲೆ ಯಾಕೋ ಅನುಮಾನ ಬಂದು, ಅದೇ ಜೆಲ್ಲಿಗೆ 10 ಮೈಕ್ರಾನಿನ ಹೊಳೆಯುವ ಪ್ಲಾಸ್ಟಿಕ್ ಮಣಿಗಳನ್ನು ಬೆರೆಸಿ ಸ್ಕ್ಯಾನ್ ಮಾಡಿದೆವು. ಅಡ್ಡಕ್ಕೆ ಅಳೆದರೆ ಸರಿಯಾಗಿ 10. ಎತ್ತರಕ್ಕೆ ಅಳೆದರೆ ಸುಮಾರು 12. ಪ್ಲಾಸ್ಟಿಕ್ ಮಣಿ ಯಾವ ಒತ್ತಡಕ್ಕೂ ಉದ್ದವಾಗುವುದಿಲ್ಲವಲ್ಲ! ಗ್ರಾಫ್ ಹಿಡಿದವನ ಮುಖ ನೋಡಲಾಗಲಿಲ್ಲ.

ಬಾವಿಯ ತಳ ಇರುವುದಕ್ಕಿಂತ ಮೇಲೆ ಕಾಣುತ್ತದಲ್ಲ, ಇದು ಅದೇ ಕತೆ, ತಿರುಗುಮುರುಗಾಗಿ. ಆಯಿಲ್ಲಿನ ವಕ್ರೀಭವನ ಸೂಚ್ಯಂಕ 1.518, ನೀರಿನದು 1.33. ಲೆನ್ಸ್ ಒಂದು ಮೈಕ್ರಾನ್ ಮೇಲೇರಿದರೆ ನೀರಿನಂಥ ಜೆಲ್ಲಿನೊಳಗೆ ಫೋಕಸ್ ಅದಕ್ಕಿಂತ ಕಡಿಮೆ ಏರುತ್ತದೆ. ಸಾಫ್ಟ್‌ವೇರ್ ಮಾತ್ರ ಪೂರ್ತಿ ಒಂದು ಮೈಕ್ರಾನ್ ಅಂತಲೇ ಬರೆದುಕೊಳ್ಳುತ್ತದೆ. ಹೀಗೆ ಚೆಂಡು ಮೊಟ್ಟೆಯಾಗುತ್ತದೆ. ಸಾಲದ್ದಕ್ಕೆ ಹತ್ತಿಪ್ಪತ್ತು ಮೈಕ್ರಾನ್ ದಾಟಿದ ಮೇಲೆ ಚಿತ್ರ ಮಂಕಾಗುತ್ತ, ಅಂಚು ಕದಡುತ್ತ ಹೋಗುತ್ತದೆ. ಮೂರನೇ ವರ್ಷ, ಎಣ್ಣೆಯ ಬದಲು ನೀರಿನ ಹನಿ ಬಳಸುವ ವಾಟರ್ ಇಮ್ಮರ್ಶನ್ ಲೆನ್ಸ್ ತರಿಸಿದೆವು. ಕಾಗದದ ಮೇಲೆ ಸೂಕ್ಷ್ಮ ವಿವರ ತೋರಿಸುವ ಅದರ ಶಕ್ತಿ ಆಯಿಲ್ ಲೆನ್ಸಿಗಿಂತ ಕಡಿಮೆ, ಆದರೆ ಮಣಿ ಗುಂಡಗೆ ಬಂತು, ನಮಗೆ ಬೇಕಿದ್ದದ್ದು ಅದೇ. ಮೆಷಿನ್ ಕೊಳ್ಳುವಾಗ ಡೆಮೊದಲ್ಲಿ ಅವರ ಸ್ಲೈಡ್ ನೋಡಿ ಮರುಳಾಗಬೇಡಿ, ಅದು ಎಲ್ಲರ ಮೆಷಿನ್ನಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಜೆಲ್ಲು, ಅದರೊಳಗೆ ನಿಮ್ಮ ಮಣಿ ತೆಗೆದುಕೊಂಡು ಹೋಗಿ.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ. ಫಿಕ್ಸ್ ಮಾಡಿದ (ರಾಸಾಯನಿಕದಿಂದ ಇದ್ದ ಹಾಗೇ ಉಳಿಸಿದ) ಚೆಂಡುಗಳ ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜು ಹಾಕಿ, ಗಟ್ಟಿಯಾಗುವ ಮೌಂಟಿಂಗ್ ದ್ರವದಲ್ಲಿ ಒಣಗಿಸುತ್ತಿದ್ದೆವು. ಅದು ಒಣಗುತ್ತ ಕುಗ್ಗಿ ಚೆಂಡನ್ನು ಅಪ್ಪಚ್ಚಿ ಮಾಡುತ್ತಿತ್ತು. ಆಯಿಲ್ ಲೆನ್ಸ್ ಎಳೆಯುವುದು, ಮೌಂಟಿಂಗ್ ಒತ್ತುವುದು, ಎರಡೂ ಸೇರಿ ಕೆಲವೊಮ್ಮೆ ಅಳತೆ ಸರಿಯಾಗಿಯೇ ಬಂದಂತೆ ಕಂಡಿದ್ದೂ ಉಂಟು. ಈಗ ಗಾಜುಗಳ ನಡುವೆ ಜಾಗ ಉಳಿಸುವ ಸ್ಪೇಸರ್ ಇಲ್ಲದೆ ಯಾರೂ ಸ್ಲೈಡ್ ಮಾಡುವಂತಿಲ್ಲ. ಕವರ್‌ಸ್ಲಿಪ್ ಕೂಡ 0.17 ಮಿಲಿಮೀಟರಿನದೇ ಇರಬೇಕು. ಗಾಜಿನ ದಪ್ಪಕ್ಕೆ ತಕ್ಕಂತೆ ವಾಟರ್ ಲೆನ್ಸಿನ ಕಾಲರ್ (ಸುತ್ತಲಿನ ಬಳೆ) ತಿರುಗಿಸಿ ಹೊಂದಿಸುವುದನ್ನು ಹೊಸಬರು ಮರೆತೇ ಮರೆಯುತ್ತಾರೆ.

ಸ್ಫೆರಾಯ್ಡ್ (ಕೋಶಗಳು ಒತ್ತಾಗಿ ಸೇರಿದ ಉಂಡೆ) ಮಾಡುವವರಿಗೆ ಒಂದು ಮಾತು. 200 ಮೈಕ್ರಾನಿನ ಕೋಶಗುಚ್ಛ ಇಟ್ಟು ನಡುವಿನವರೆಗೆ ಕಾಣಬೇಕು ಅಂದರೆ ಈ ಮೆಷಿನ್ ಕೈ ಎತ್ತುತ್ತದೆ. ನಮ್ಮಲ್ಲಿ 70, 80 ಮೈಕ್ರಾನ್ ದಾಟಿದರೆ ಕೋಶಕೇಂದ್ರಗಳು ಮಸುಕು, ಆಮೇಲೆ ಕಪ್ಪು. ಆ ಕಪ್ಪನ್ನು ತೋರಿಸಿ ‘ನಡುವಿನ ಕೋಶಗಳು ಸತ್ತಿವೆ’ ಎಂದು ಮಾತಾಡಿದ ಸೆಮಿನಾರುಗಳಲ್ಲಿ ನಾನು ಕೂತಿದ್ದೇನೆ. ಸತ್ತಿರಲೂಬಹುದು, ಆದರೆ ಆ ಚಿತ್ರ ಹೇಳುವುದು ಬೆಳಕು ಅಲ್ಲಿಗೆ ಹೋಗಿ ಬರಲಿಲ್ಲ ಅಂತ ಮಾತ್ರ. ಅಂಥ ಕೆಲಸವೇ ಹೆಚ್ಚಿದ್ದರೆ ಟೂ-ಫೋಟಾನ್ ಅಥವಾ ಲೈಟ್ ಶೀಟ್ ಎಂಬ ಬೇರೆ ಬಗೆಯ ಮೈಕ್ರೊಸ್ಕೋಪ್ ನೋಡಿ, ಇಲ್ಲವೇ ಅಂಗಾಂಶವನ್ನು ಪಾರದರ್ಶಕ ಮಾಡುವ ಕ್ಲಿಯರಿಂಗ್ ಕಲಿಯಿರಿ.

ಜೀವಂತ ಕೋಶಗಳ ಅನುಭವ ಮಿಶ್ರ. ಚೇಂಬರ್ ಬಿಸಿಯಾಗಿ ಲೋಹವೆಲ್ಲ ಹಿಗ್ಗಿ ನಿಲ್ಲುವವರೆಗೆ ಫೋಕಸ್ ಜಾರುತ್ತಲೇ ಇರುತ್ತದೆ. ಹಿಂದಿನ ದಿನ ಸಂಜೆಯೇ ಹೀಟರ್ ಹಾಕಿಬಿಡುತ್ತೇವೆ. ಒಮ್ಮೆ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಬಂದು ನೋಡಿದರೆ ಮೊದಲ ಎರಡು ಗಂಟೆ ಚಿತ್ರ, ಆಮೇಲೆ ಬರೀ ಕತ್ತಲೆ. ಲೆನ್ಸಿನ ಮೇಲಿನ ನೀರು ಆರಿಹೋಗಿತ್ತು. ಈಗ ನೀರಿನದೇ ಸೂಚ್ಯಂಕದ, ಆರದ ದ್ರವ ಬಳಸುತ್ತೇವೆ.

ಕಳೆದುಹೋದ ಸ್ಟಾರ್ ಸಾಫ್ಟ್‌ವೇರಿನದು. 1024 ಗುಣಿಸು 1024ರ 16 ಬಿಟ್ ಚಿತ್ರ 2 ಎಂಬಿ. 100 ಪದರ, ನಾಲ್ಕು ಬಣ್ಣ ಅಂದರೆ ಒಂದು ಸ್ಟ್ಯಾಕ್ 800 ಎಂಬಿ. ಇಷ್ಟು ದೊಡ್ಡ ಕಡತ ತೆರೆದರೆ ಪ್ರೋಗ್ರಾಮು ಆಗಾಗ ಸ್ತಬ್ಧವಾಗುತ್ತದೆ. ಅದನ್ನಾದರೂ ಸಹಿಸಬಹುದು. ಒಂದು ಅಪ್‌ಡೇಟ್ ಆದಮೇಲೆ ಟಿಫ್ ಎಂಬ ಚಿತ್ರ ಮಾದರಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ ಕಡತಗಳಲ್ಲಿ ಝಡ್ ಅಂತರ, ಅಂದರೆ ಪದರಗಳ ನಡುವಿನ ದೂರ, ಬಿಟ್ಟುಹೋಗತೊಡಗಿತು. 0.3 ಮೈಕ್ರಾನಿನ ಹೆಜ್ಜೆಯಲ್ಲಿ ತೆಗೆದ ಕೋಶ ಮತ್ತೆ ಗೋಪುರದಂತೆ ನಿಂತಾಗ, ಈ ಸಲ ತಪ್ಪು ಲೆನ್ಸಿನದಲ್ಲ ಎಂದು ಗೊತ್ತಾಗಲು ಮೂರು ದಿನ ಹಿಡಿಯಿತು. ದೂರು ಕೊಟ್ಟರೆ ‘ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ’ ಎಂಬ ಉತ್ತರ. ಹದಿನಾಲ್ಕು ತಿಂಗಳು ಕಾದೆವು. ಅಷ್ಟರಲ್ಲಿ ಎಲ್ಲರೂ ಮೂಲ ಕಡತವನ್ನೇ ನೇರವಾಗಿ ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ಪ್ರೋಗ್ರಾಮಿನಲ್ಲಿ ತೆರೆಯುವುದನ್ನು ಕಲಿತಿದ್ದರು. ಉಚಿತವಾಗಿ ಸಿಗುವ ಆ ಪ್ರೋಗ್ರಾಮೇ ನಮ್ಮ ಮಾನ ಉಳಿಸಿದ್ದು.

ಸದ್ಯಕ್ಕೆ 405 ಲೇಸರ್ ಸೋಲುತ್ತಿದೆ. ಮೊದಲು ಲೇಸರ್ ಶಕ್ತಿಯ ಶೇ. 2ರಲ್ಲಿ ಬರುತ್ತಿದ್ದ ಕೋಶಕೇಂದ್ರದ ಹೊಳಪಿಗೆ ಈಗ ಶೇ. 9 ಬೇಕು. ಬದಲಿಸುವುದನ್ನು ಮುಂದೂಡಿ, ಕೋಶಕೇಂದ್ರಕ್ಕೆ ದೂರ-ಕೆಂಪಿನ ಬಣ್ಣ ಹಾಕಿ 640ರಲ್ಲಿ ನೋಡುತ್ತಿದ್ದೇವೆ. ಕೆಂಪು ಬೆಳಕು ಕಡಿಮೆ ಚದುರುವುದರಿಂದ ಹತ್ತು ಮೈಕ್ರಾನಿನಷ್ಟು ಹೆಚ್ಚಿನ ಆಳವೂ ದಕ್ಕಿದೆ.