ತನಿ ಶುರುವಾದಾಗ ಎದ್ದು ಹೋಗದವರಿಗೆ

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ರಾಮನವಮಿ ಕಚೇರಿಗಳಿಗೆ ಹೋಗಿ ಬಂದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಗಾಯಕರು ಮುಖ್ಯ ಕೃತಿ ಮುಗಿಸಿ ಮೃದಂಗದವರತ್ತ ಕೈ ತೋರಿಸುತ್ತಾರೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾಗುತ್ತದೆ. ಅರ್ಧ ಪೆಂಡಾಲು ಎದ್ದು ಕಾಫಿಗೆ ಹೊರಡುತ್ತದೆ. ಹದಿಹರೆಯದಲ್ಲಿ ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟ ನಾನು ಆಗಲೇ ನೆಟ್ಟಗೆ ಕೂರುವವನು. ಲೆವೆಲ್ 42 ಎಂಬ ಇಂಗ್ಲೆಂಡಿನ ತಂಡದ ಮೊದಲ ಆಲ್ಬಂ ಮೂವತ್ತೈದು ವರ್ಷಗಳಿಂದ ನನ್ನನ್ನು ಹಿಡಿದಿಟ್ಟಿರುವುದಕ್ಕೂ, ನಾನು ಕೇಳಿಸಿದ ಹತ್ತರಲ್ಲಿ ಎಂಟು ಜನ ಅದನ್ನು ಅರ್ಧಕ್ಕೇ ಬಿಟ್ಟು ಎದ್ದಿರುವುದಕ್ಕೂ ಕಾರಣ ಒಂದೇ. ಅದು ಬಹುಪಾಲು ತನಿ.

ಆಲ್ಬಮ್ಮಿನ ಹೆಸರೂ ಲೆವೆಲ್ 42. 1981ರಲ್ಲಿ ಪಾಲಿಡಾರ್ ಕಂಪನಿ ತಂದದ್ದು. ಒಂದು ಬದಿಗೆ ನಾಲ್ಕರಂತೆ ಎಂಟು ಹಾಡು, ಒಟ್ಟು ಸುಮಾರು ನಲವತ್ತು ನಿಮಿಷ. ಈ ತಂಡದ ಹೆಸರು ಕೇಳಿದವರೂ ನಮ್ಮಲ್ಲಿ ಕೇಳಿರುವುದು 1985, 86ರ ಪಾಪ್ ಹಾಡುಗಳಿಂದ. ಲೆಸನ್ಸ್ ಇನ್ ಲವ್ ಎಂದರೆ ನನ್ನ ವಯಸ್ಸಿನ ದಂಡು ಪ್ರದೇಶದವರು ಇವತ್ತಿಗೂ ತಲೆಯಾಡಿಸುತ್ತಾರೆ. ಅದೇ ಜನ ಮೊದಲ ಆಲ್ಬಮ್ಮಿನ ಹೆಸರೆತ್ತಿದರೆ "ಓ, ಅವರದು ಅದಕ್ಕಿಂತ ಹಿಂದೆಯೂ ಇದೆಯೇ?" ಎನ್ನುತ್ತಾರೆ. ಇಂಗ್ಲೆಂಡಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಇದು 20ನೆಯ ಸ್ಥಾನ ಮುಟ್ಟಿತ್ತು, ಹಾಗಾಗಿ ಸೋತ ಆಲ್ಬಂ ಎನ್ನುವಂತಿಲ್ಲ. ಮುಂದೆ ಬಂದ ಗೆಲುವು ಇದನ್ನು ಮುಚ್ಚಿಹಾಕಿತು, ಅಷ್ಟೆ.

ನನಗೆ ಇದು ಸಿಕ್ಕಿದ್ದು 1989ರಲ್ಲಿ, ಕ್ಯಾಸೆಟ್ಟಿನಲ್ಲಿ. ಬ್ರಿಗೇಡ್ ರಸ್ತೆಗೆ ಅಂಟಿಕೊಂಡ ಗಲ್ಲಿಯೊಂದರ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟರೆ ಕೇಳಿದ್ದನ್ನು ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ನಲವತ್ತು ನಿಮಿಷದ ಆಲ್ಬಂ ಹಾಕಿದರೆ ಒಂದೊಂದು ಬದಿಯಲ್ಲೂ ಹತ್ತು ನಿಮಿಷ ಉಳಿಯುತ್ತದೆ. ಗಿರಾಕಿಗೆ ಮೋಸವಾಗಬಾರದೆಂದು ಆ ಪುಣ್ಯಾತ್ಮ ಉಳಿದ ಜಾಗಕ್ಕೆ ಭಾವಗೀತೆ ತುಂಬಿಸಿದ್ದ! ಹೀಗಾಗಿ ಎರಡನೆಯ ಬದಿಯ ಕೊನೆಯ ಹಾಡು ಸ್ಟಾರ್‌ಚೈಲ್ಡ್ ಮುಗಿದ ಮರುಕ್ಷಣವೇ ಹಾರ್ಮೋನಿಯಂ, ತಬಲಾ. ಇವತ್ತಿಗೂ ಆ ಹಾಡು ಮುಗಿದಾಗ ನನ್ನ ಕಿವಿ ಹಾರ್ಮೋನಿಯಮ್ಮಿಗಾಗಿ ಕಾಯುತ್ತದೆ.

ಆಗ ನಮ್ಮ ಮನೆ ಮುರುಗೇಶಪಾಳ್ಯದಲ್ಲಿತ್ತು, ಎಚ್‌ಎಎಲ್ ವಿಮಾನ ನಿಲ್ದಾಣದ ಗೋಡೆಗೆ ಕೂಗಳತೆಯಲ್ಲಿ. ವಿಮಾನ ತಲೆಯ ಮೇಲೆ ಬಂದರೆ ಮಾತು ನಿಲ್ಲಿಸುವುದು, ಟೇಪ್ ರೆಕಾರ್ಡರಿನ ಗುಂಡಿ ಒತ್ತುವುದು, ಹೋದ ಮೇಲೆ ಮತ್ತೆ ಶುರುಮಾಡುವುದು ಮನೆಯವರಿಗೆಲ್ಲ ಉಸಿರಾಟದಷ್ಟೇ ಅಭ್ಯಾಸ. ಈ ಆಲ್ಬಮ್ಮಿನ ಎರಡನೆಯ ಬದಿ ತೆರೆದುಕೊಳ್ಳುವುದು ಹೀಥ್ರೋ ಎಂಬ ವಾದ್ಯರಚನೆಯಿಂದ. ಲಂಡನ್ನಿನ ವಿಮಾನ ನಿಲ್ದಾಣದ ಹೆಸರು. ಅದೊಂದಕ್ಕೆ ಮಾತ್ರ ನಾನು ಗುಂಡಿ ಒತ್ತುತ್ತಿರಲಿಲ್ಲ. ಛಾವಣಿಯ ಮೇಲೆ ಕೂತಿರುವಾಗ ವಿಮಾನ ಇಳಿದರೆ ಅದೂ ತಂಡದ ಐದನೆಯ ವಾದ್ಯದಂತೆ ಸೇರಿಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಊರಿಗೆಲ್ಲ ನೆಮ್ಮದಿ. ನನಗೆ ಹೀಥ್ರೋ ಸ್ವಲ್ಪ ಬೋಳಾಗಿ ಕೇಳಿಸತೊಡಗಿತು.

ಈಗ ವಿಮರ್ಶೆಗೆ ಕಾರಣವಾದ ಗ್ರಾಮಫೋನ್ ತಟ್ಟೆ. ಕಳೆದ ಮಳೆಗಾಲದ ಒಂದು ಭಾನುವಾರ, ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ರಾಶಿಯಲ್ಲಿ ಮೂಲ ಪ್ರತಿ ಸಿಕ್ಕಿತು. ಎರಡು ಸಾವಿರ ಹೇಳಿದರು, ಸಾವಿರದ ನಾನೂರಕ್ಕೆ ಇಳಿದರು. "ಒಂದೂ ಗೀರಿಲ್ಲ ಸಾರ್, ಕನ್ನಡಿ ಹಾಗಿದೆ" ಎಂದರು. ಕನ್ನಡಿಯೇನೋ ಸರಿ, ಆದರೆ ಆ ಕನ್ನಡಿಯಲ್ಲಿ ಒಂದು ಬಿರುಕಿತ್ತು. ಮೊದಲ ಬದಿಯ ಮೂರನೆಯ ಹಾಡಿನ ಮೇಲೆ ಉಗುರಿನುದ್ದ ಗೀರು. ಮುಳ್ಳು ಅಲ್ಲಿಗೆ ಬಂದಾಗಲೆಲ್ಲ ಒಗ್ಗರಣೆಯ ಸಾಸಿವೆಯಂತೆ ಚಟಪಟ ಎನ್ನುತ್ತದೆ. ಪುಣ್ಯಕ್ಕೆ ಅದು ಈ ಆಲ್ಬಮ್ಮಿನಲ್ಲಿ ನನಗೆ ಅಷ್ಟಕ್ಕಷ್ಟೇ ಆದ ಹಾಡು, ವೈ ಆರ್ ಯೂ ಲೀವಿಂಗ್. ಹೊದಿಕೆಯ ಒಂದು ಮೂಲೆ ನೀರು ಕುಡಿದು ಉಬ್ಬಿದೆ. ಮೆತ್ತಗಿನ ಸೋಪಿನ ನೀರು, ಹಳೆಯ ಹತ್ತಿ ಪಂಚೆಯ ತುಂಡು, ನೆರಳಿನಲ್ಲಿ ಒಣಗಿಸುವುದು, ಇಷ್ಟು ಮಾಡಿದ ಮೇಲೆ ಉಳಿದ ಏಳು ಹಾಡು ಚೊಕ್ಕವಾಗಿ ನುಡಿದವು.

ಕ್ಯಾಸೆಟ್ಟಿನಲ್ಲಿ ಕೇಳಿಸದೇ ಇದ್ದದ್ದು ಏನೆಂದು ಅವತ್ತು ಗೊತ್ತಾಯಿತು. ಬೇಸ್ ಗಿಟಾರು ಮಾರ್ಕ್ ಕಿಂಗ್ ಅವರದು. ಐಲ್ ಆಫ್ ವೈಟ್ ಎಂಬ ದ್ವೀಪದಿಂದ ಬಂದ ಇವರು ಮೂಲತಃ ಡ್ರಮ್ಸ್ ನುಡಿಸುವವರು. ಲಂಡನ್ನಿನ ವಾದ್ಯಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಬೇಸ್ ಕೈಗೆತ್ತಿಕೊಂಡವರು. ತಾಳವಾದ್ಯದವನ ಕೈಗೆ ತಂತಿವಾದ್ಯ ಕೊಟ್ಟರೆ ಏನಾಗುತ್ತದೋ ಅದೇ ಇಲ್ಲಿ ಆಗಿದೆ. ತಂತಿಯನ್ನು ಮೀಟುವುದಕ್ಕಿಂತ ಬಡಿಯುವುದೇ ಹೆಚ್ಚು. ಬಲಗೈ ಹೆಬ್ಬೆರಳಿನ ಗೆಣ್ಣು ತಂತಿಗೆ ಬಡಿದರೆ ಲೋಹದ ಒಂದು ಪೆಟ್ಟು. ತೋರುಬೆರಳು ತಂತಿಯನ್ನು ಕೆಳಗಿನಿಂದ ಕೊಕ್ಕೆ ಹಾಕಿ ಎಳೆದು ಬಿಟ್ಟರೆ ಫಟ್ಟೆಂದು ಇನ್ನೊಂದು. ಇವೆರಡರ ನಡುವೆ ಎಡಗೈಯ ಬೆರಳುಗಳು ತಂತಿಯನ್ನು ತಟ್ಟಿ ಅದುಮಿದಾಗ ಸ್ವರವಿಲ್ಲದ ಬರೀ ಸದ್ದು. ಮೃದಂಗ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗಡೆ ರವೆ ಹಚ್ಚಿದ ಮುಖದ ಗುಮ್ಕಿ ಎಂಬ ತಗ್ಗಿನ ನಾದ, ಬಲಗಡೆಯ ಚಾಪು ಎಂಬ ಚುರುಕು ಪೆಟ್ಟು, ನಡುವೆ ಮುಚ್ಚಿದ ಪೆಟ್ಟುಗಳು. ಲವ್ ಗೇಮ್ಸ್ ಹಾಡಿನ ಬೇಸ್ ನಡೆಗೆ ನನ್ನ ಕೈ ತಾನಾಗಿ ತೊಡೆಯ ಮೇಲೆ ಮೃದಂಗದ ಪಾಠದ ಸೊಲ್ಲುಕಟ್ಟು ಬಾರಿಸಲು ತೊಡಗುತ್ತದೆ.

ಈ ಹೋಲಿಕೆ ನನ್ನ ಹುಚ್ಚು ಎಂದು ಭಾವ ನಗುತ್ತಿದ್ದರು. ಪೂರ್ತಿ ಹುಚ್ಚೇನಲ್ಲ. ಈ ತಂಡದವರು ಬೆಳೆದದ್ದು ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ಡ್ರಮ್ಸ್‌ನ ಬಿಲ್ಲಿ ಕಾಬಮ್ ಅಂಥವರನ್ನು ಕೇಳಿಕೊಂಡು. ಅದೇ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರ ಜೊತೆ ನಮ್ಮ ಸಂಗೀತಕ್ಕೆ ಜಾಝ್ ಬೆರೆಸಿದ ಶಕ್ತಿ ತಂಡ ಕಟ್ಟಿದವರು. ಲೆಕ್ಕಾಚಾರದ ಲಯದ ರುಚಿ ಯಾವ ದಾರಿಯಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ಯಾರು ಕಂಡವರು.

ಉಳಿದವರನ್ನೂ ಹೇಳಿಬಿಡುತ್ತೇನೆ. ಡ್ರಮ್ಸ್ ಫಿಲ್ ಗೌಲ್ಡ್, ಗಿಟಾರು ಅವರ ಸಹೋದರ ಬೂನ್ ಗೌಲ್ಡ್, ಕೀಬೋರ್ಡ್ ಮೈಕ್ ಲಿಂಡಪ್. ಹೊರಗಿನಿಂದ ಸಿಂಥಸೈಸರ್ ನುಡಿಸಿ ಹಾಡು ಕಟ್ಟಲು ಕೈಜೋಡಿಸಿದವರು ವ್ಯಾಲಿ ಬಡಾರೂ. ಫಿಲ್ ಅವರ ಹೈ ಹ್ಯಾಟ್ ಎಂಬ ಜೋಡಿ ತಾಳವನ್ನು ಮಾತ್ರ ಕೇಳುತ್ತಾ ಒಂದು ಬದಿ ಪೂರ್ತಿ ಮುಗಿಸಿ ನೋಡಿ. ಬೇಸ್ ಅಷ್ಟು ಗಲಾಟೆ ಮಾಡುತ್ತಿರುವಾಗ ಈ ಮನುಷ್ಯ ಎಲ್ಲೂ ಪೈಪೋಟಿಗೆ ಇಳಿಯುವುದಿಲ್ಲ, ಮನೆಯ ಹಿರಿಯಣ್ಣನಂತೆ ಲೆಕ್ಕ ಇಟ್ಟುಕೊಂಡಿರುತ್ತಾರೆ. ಬೂನ್ ಇನ್ನೂ ಮಿತಭಾಷಿ. 2019ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ರಾತ್ರಿ ನಾನು ಗಿಟಾರನ್ನಷ್ಟೇ ಹಿಂಬಾಲಿಸಿ ಇಡೀ ಆಲ್ಬಂ ಕೇಳಿದೆ. ಎರಡೇ ಸ್ವರದಲ್ಲಿ ಚುಕ್ಕಿ ಇಟ್ಟು ಹಿಂದೆ ಸರಿಯುವ ಜಾಗಗಳು ಎಷ್ಟೊಂದಿದ್ದವು, ಅವತ್ತಿನವರೆಗೆ ನಾನು ಗಮನಿಸಿಯೇ ಇರಲಿಲ್ಲ.

ನಿರ್ಮಾಪಕರು ಮೈಕ್ ವರ್ನನ್. 1966ರಲ್ಲಿ ಜಾನ್ ಮೇಯಾಲ್ ತಂಡದ ಜೊತೆ ಎರಿಕ್ ಕ್ಲಾಪ್ಟನ್ ನುಡಿಸಿದ ಹೆಸರಾಂತ ಬ್ಲೂಸ್ ಆಲ್ಬಂ ಮಾಡಿಸಿದವರು ಇವರೇ. ಬ್ಲೂಸ್‌ನ ಮನುಷ್ಯನಿಗೆ ಜಾಝ್ ಫಂಕ್ ಹುಡುಗರ ಉಸಾಬರಿ ಏಕೆ ಎನ್ನಿಸಬಹುದು. ನನ್ನ ಕಿವಿಗೆ ಒಳ್ಳೆಯದೇ ಆಗಿದೆ. ಅಲಂಕಾರ ಕಡಿಮೆ, ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದಂತೆ ಕೇಳಿಸುತ್ತದೆ. ಎರಡು ವರ್ಷದ ನಂತರದ ಆಲ್ಬಂ ಮಾಡಿಸಿದವರು ಅರ್ಥ್, ವಿಂಡ್ ಅಂಡ್ ಫೈರ್ ತಂಡದ ಇಬ್ಬರು. ಅದು ಮದುವೆ ಮನೆಯ ಹೋಳಿಗೆ ಊಟ, ಇದು ಮನೆಯ ಅನ್ನ ಸಾರು. ನನ್ನ ಓಟು ಸಾರಿಗೆ.

ಕೊರತೆಗಳಿಲ್ಲವೇ? ಇವೆ. ಇದು ಮೊದಲಿಗೆ ಬರೀ ವಾದ್ಯಗಳ ತಂಡ. ಹಾಡುವವರೂ ಇರಲಿ ಎಂದು 1980ರಲ್ಲಿ ಇವರ ಮೊದಲ ರೆಕಾರ್ಡ್ ತಂದ ಸಣ್ಣ ಕಂಪನಿ ಒತ್ತಾಯಿಸಿದ ಮೇಲೆಯೇ ಕಿಂಗ್ ಮತ್ತು ಲಿಂಡಪ್ ಬಾಯಿ ತೆರೆದದ್ದು. ಕಿಂಗ್ ಅವರ ದನಿ ಇಲ್ಲಿ ಹೊಸ ಚಪ್ಪಲಿ ಹಾಕಿಕೊಂಡವನ ನಡಿಗೆಯಂತಿದೆ, ಹೆಜ್ಜೆ ತಪ್ಪುವುದಿಲ್ಲ, ಆದರೆ ಗಮನವೆಲ್ಲ ಚಪ್ಪಲಿಯ ಮೇಲೆ. ಲಿಂಡಪ್ ಅವರ ಮೇಲಿನ ಸ್ಥಾಯಿಯ ದನಿ ಬಂದು ಸೇರಿದಾಗಲೇ ಹಾಡಿಗೆ ಗಾಳಿ ಸಿಗುವುದು. ಸಾಹಿತ್ಯದ ಬಗ್ಗೆ ಹೇಳದಿರುವುದೇ ವಾಸಿ. ವಾದ್ಯಗಳು ಇಷ್ಟು ಮಾತಾಡುವಾಗ ಪದಗಳಿಗೆ ಕೆಲಸ ಉಳಿದಿಲ್ಲ.

ಹಾಗೆಂದೇ ನನಗೆ ಮಾತಿಲ್ಲದ ಮೂರು ರಚನೆಗಳು ಹೆಚ್ಚು ಪ್ರಿಯ. ಒಂದು ಹೀಥ್ರೋ. ಇನ್ನೊಂದರ ಹೆಸರು 43, ತಂಡದ ಹೆಸರಿಗಿಂತ ಒಂದು ಹೆಚ್ಚು. ಮೂರನೆಯದು ಡ್ಯೂನ್ ಟ್ಯೂನ್. ಇಡೀ ಆಲ್ಬಂ ಬಡಿದ ಅದೇ ಕೈ ಇಲ್ಲಿ ಬೇಸ್ ತಂತಿಗಳನ್ನು ಮಲಗಿದ ಮಗುವಿಗೆ ಹೊದಿಕೆ ಸರಿಪಡಿಸುವಷ್ಟು ಮೆಲ್ಲಗೆ ಮುಟ್ಟುತ್ತದೆ. ಇದಾದ ಕೂಡಲೇ ಸ್ಟಾರ್‌ಚೈಲ್ಡ್ ಏಳುತ್ತದೆ. ಇವೆರಡರ ನಡುವಿನ ಮೂರು ನಾಲ್ಕು ಕ್ಷಣದ ಮೌನಕ್ಕೂ ಸೇರಿಸಿಯೇ ನಾನು ಸಾವಿರದ ನಾನೂರು ಕೊಟ್ಟಿದ್ದೇನೆ ಎಂದುಕೊಂಡಿದ್ದೇನೆ. ಮೊಬೈಲಿನಲ್ಲಿ ಹಾಡುಗಳನ್ನು ಕಲೆಸಿ ಕೇಳುವವರಿಗೆ ಅದು ಸಿಗುವುದಿಲ್ಲ. ಆಲ್ಬಂ ಅಲ್ಲೂ ಇದೆ, ಕೇಳಿ, ತಕರಾರಿಲ್ಲ. ಆದರೆ ಕ್ರಮ ಬಿಡಬೇಡಿ, ಫೋನಿನ ಸ್ಪೀಕರಿನಲ್ಲಂತೂ ಕೇಳಲೇಬೇಡಿ. ಅದರಲ್ಲಿ ಬೇಸ್ ಇರುವುದಿಲ್ಲ, ಬೇಸ್ ಇಲ್ಲದ ಈ ಆಲ್ಬಂ ಬೇಳೆ ಇಲ್ಲದ ಸಾರು.

ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಇಡೀ ಒಂದು ಬದಿ ತಾಳ್ಮೆಯಿಂದ ಕೇಳಿ, "ಎಲ್ಲ ಸರಿ, ಹಾಡು ಯಾವಾಗ ಶುರುವಾಗುತ್ತದೆ?" ಎಂದಿದ್ದಳು. ಅವಳನ್ನು ದೂರಿ ಫಲವಿಲ್ಲ. ನಾವು ಪದ ಹಿಡಿದು ಹಾಡು ಕೇಳುವ ಜನ. ಆದರೂ ನಮಗೆ ಬೇಸ್ ಗಿಟಾರಿನ ಕಿವಿಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇದೇ 1981ರಲ್ಲಿ ಶಂಕರ್ ನಾಗ್ ಅವರ ಗೀತಾ ಬಂತು. ಅದರ "ಜೊತೆಯಲಿ" ಹಾಡನ್ನು ಗುನುಗುವವರು ಗೊತ್ತಿಲ್ಲದೆಯೇ ಇಳಯರಾಜಾ ಅವರ ಬೇಸ್ ನಡೆಯ ಮೇಲೆ ತಲೆಯಾಡಿಸುತ್ತಿರುತ್ತಾರೆ. ಹೆಂಡತಿಗೆ ಈ ಸಾಕ್ಷಿ ಒಪ್ಪಿಸಿದೆ. "ಅದರಲ್ಲಿ ಎಸ್ಪಿಬಿ ಇದ್ದಾರೆ" ಎಂದು ಮೊಕದ್ದಮೆ ವಜಾ ಮಾಡಿದಳು.

ಅಭಿಮಾನಿಗಳೆಂದರೆ ಸದ್ಯಕ್ಕೆ ನಾವು ಮೂವರು. ನಾನು, ಇಪ್ಪತ್ತು ವರ್ಷ ನಕ್ಕು ಕೊನೆಗೆ ಸೋತ ಭಾವ, ಮತ್ತೆ ಮೇಲಿನ ಮನೆಯ ಬಾಡಿಗೆದಾರರ ಮಗ. ಅವನು ಬೇಸ್ ಕಲಿಯುತ್ತಿದ್ದಾನೆ, ಇಂಜಿನಿಯರಿಂಗ್ ಮೂರನೆಯ ವರ್ಷ. ಒಂದು ಸಂಜೆ ಲವ್ ಗೇಮ್ಸ್ ಕಿಟಕಿಯಿಂದ ಕೇಳಿಸಿಕೊಂಡು ಬರಿಗಾಲಲ್ಲಿ ಇಳಿದು ಬಂದ. "ಅಂಕಲ್, ಇದು ಯಾರು? ಕಂಪ್ಯೂಟರಿನಲ್ಲಿ ಮಾಡಿದ್ದಾ?" ಎಂದ. ಮನುಷ್ಯರೇ ನುಡಿಸಿದ್ದು, ನೀನು ಹುಟ್ಟುವ ಎಷ್ಟೋ ಮೊದಲು ಎಂದೆ. ತಟ್ಟೆಯ ಪಕ್ಕ ಮಂಡಿಯೂರಿ ಕೂತು ಆ ಹಾಡಿಗೆ ಐದು ಸಲ ಮುಳ್ಳು ಇಡಿಸಿದ. ಮುಂದಿನ ವಾರ ಬಂದಾಗ ಬಲ ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಬೊಬ್ಬೆ ಎದ್ದು ಒಡೆದಿದೆಯಂತೆ. "ತಾಯಿಗೆ ಹೇಳಬೇಡಿ ಅಂಕಲ್, ಪರೀಕ್ಷೆ ಇದೆ" ಎಂದು ಕೇಳಿಕೊಂಡ. ಮೃದಂಗ ಶುರುಮಾಡಿದ ತಿಂಗಳಲ್ಲಿ ನನ್ನ ಬೆರಳೂ ಹೀಗೇ ಆಗಿತ್ತು. ಕೊಬ್ಬರಿ ಎಣ್ಣೆ ಹಚ್ಚು, ಎರಡು ದಿನ ಬಿಡು ಎಂದೆ. ಬಿಟ್ಟಂತೆ ಕಾಣಲಿಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ಹಳೆಯ ಪ್ರತಿ ಸಿಕ್ಕರೆ ಎರಡನೆಯ ಬದಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಮೊದಲ ಬದಿಯಲ್ಲಿ ಗೀರಿದ್ದರೂ ನಡೆಯುತ್ತದೆ, ಎರಡನೆಯದರಲ್ಲಿ ಇದ್ದರೆ ಚೌಕಾಸಿಯನ್ನೂ ಮಾಡದೆ ಎದ್ದು ಬನ್ನಿ. ಸಾವಿರದೈನೂರರ ಮೇಲೆ ನಾನಾಗಿದ್ದರೆ ಕೊಡುವುದಿಲ್ಲ. ತಿರುಗು ಯಂತ್ರದ ಬೆಲ್ಟ್ ಸಡಿಲವಾಗಿದ್ದರೆ ಎಸ್‌ಪಿ ರಸ್ತೆಯಲ್ಲಿ ವಿಚಾರಿಸಿ ಮೊದಲು ಅದನ್ನು ಹಾಕಿಸಿ. ಲಯವೇ ಸರ್ವಸ್ವವಾದ ಆಲ್ಬಮ್ಮು ಓಲಾಡಿಕೊಂಡು ತಿರುಗಿದರೆ ಕೇಳುವವರಿಗೂ ತಲೆಸುತ್ತು.

ನನ್ನ ಪ್ರತಿ ಸದ್ಯ ಮನೆಯಲ್ಲಿಲ್ಲ. ಹುಡುಗ ಯಾರಿಂದಲೋ ತಿರುಗು ಯಂತ್ರ ಎರವಲು ತಂದುಕೊಂಡು, ಎರಡು ದಿನಕ್ಕೆಂದು ತಟ್ಟೆ ಒಯ್ದು ಮೂರು ವಾರವಾಯಿತು. ಇದನ್ನು ಬರೆಯುತ್ತಿರುವಾಗ ತಾರಸಿಯ ಮೂಲಕ ಗುಮ್ ಗುಮ್ ಎಂದು ಕೇಳಿಸುತ್ತಲೇ ಇದೆ. ಲವ್ ಗೇಮ್ಸ್. ಮೂರು ಸುತ್ತು ಸರಿಯಾಗಿ ಬಂದು ನಾಲ್ಕನೆಯದರಲ್ಲಿ ಎಡವುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಮೊದಲಿನಿಂದ. ಅಡುಗೆಮನೆಯಿಂದ ಹೆಂಡತಿ, "ಆ ಹುಡುಗನಿಗೆ ಎಡಗೈ ಸ್ವಲ್ಪ ಸಡಿಲ ಬಿಡಲು ಹೇಳಿ" ಎನ್ನುತ್ತಿದ್ದಾಳೆ.