ದರದ ಪಕ್ಕದ ತಾರೀಖನ್ನು ನಂಬಬೇಡಿ: ಎಲೆಕ್ಟ್ರಿಕಲ್ ಎಸ್ಟಿಮೇಟ್ ಸಾಫ್ಟ್‌ವೇರ್, ಮೂರು ವರ್ಷದ ಬಳಕೆಯ ನಂತರ

ಶಿರಸಿಯಲ್ಲಿ ಕೂತು ಕುಮಟಾ, ಕಾರವಾರದ ತನಕ ಮನೆ ವಯರಿಂಗ್‌ಗೆ ಕೊಟೇಶನ್ ಕೊಡುವವರಿಗೆ ಈ ಸಾಫ್ಟ್‌ವೇರ್ ಕೆಲಸ ಹಗುರ ಮಾಡುವುದು ಖರೆ. ಪಾಯಿಂಟ್ (ದೀಪ, ಫ್ಯಾನ್, ಸಾಕೆಟ್ ಬರುವ ಜಾಗ) ಎಷ್ಟೆಂದು ಹಾಕಿದರೆ ಸಾಕು, ವಯರ್, ಪೈಪ್, ಬೆಂಡ್, ಬಾಕ್ಸ್, ಸ್ವಿಚ್ ಎಲ್ಲ ಕೂಡಿಸಿ ಕೊಡುತ್ತದೆ. ದೂರಿರುವುದು ಸಾಮಾನಿನ ದರಪಟ್ಟಿಯ ಮೇಲೆ, ಅದರಲ್ಲೂ ದರದ ಪಕ್ಕದ 'ಬದಲಾದ ದಿನಾಂಕ' ಕಾಲಂ ಮೇಲೆ.

ಡೀಲರ್ ಕಳಿಸಿದ ಎಕ್ಸೆಲ್ ಪಟ್ಟಿ ಇಂಪೋರ್ಟ್ ಮಾಡಿದ ಕೂಡಲೇ ಎಲ್ಲ ಐಟಂಗಳಿಗೂ ಆ ದಿನದ ತಾರೀಖು ಬೀಳುತ್ತದೆ. ಹೊಸ ಪಟ್ಟಿಯಲ್ಲಿ ಸಿಗದೇ ಹಳೆ ದರದಲ್ಲೇ ಉಳಿದದ್ದಕ್ಕೂ ಅದೇ ತಾರೀಖು! ಸಿಗದಿರಲು ಸಾಮಾನ್ಯವಾಗಿ ಎರಡು ಕಾರಣ. ಕಂಪನಿ ಸ್ವಿಚ್ಚಿನ ಮಾಡೆಲ್ ಬದಲಿಸಿ ಹೊಸ ಕ್ಯಾಟಲಾಗ್ ನಂಬರ್ ಕೊಟ್ಟಿರುತ್ತದೆ. ಇಲ್ಲವೇ ಎಕ್ಸೆಲ್‌ನಲ್ಲಿ ಫೈಲ್ ತೆರೆದಾಗ 00412 ಎಂಬ ಕೋಡ್ 412 ಆಗಿರುತ್ತದೆ. ಕೋಡ್ ಹೊಂದದಿದ್ದರೆ ಸಾಫ್ಟ್‌ವೇರ್ ಎರರ್ ತೋರಿಸುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ. ಎಂಟು ತಿಂಗಳ ಹಿಂದಿನ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ದರ ಇವತ್ತಿನ ತಾರೀಖು ಹೊತ್ತು ಕೂತಿರುತ್ತದೆ. ಹಣ ಕಟ್ಟಿ ಬಳಸುವ ಸಾಫ್ಟ್‌ವೇರಿನಲ್ಲಿ ಇದು ಸಣ್ಣ ತಪ್ಪಲ್ಲ.

ದಾರಿ ಇದೆ. ಕೋಡ್ ಕಾಲಂಅನ್ನು ಮೊದಲೇ 'ಟೆಕ್ಸ್ಟ್' ಮಾಡಿ, ಆಮೇಲೆ ಕೋಡ್ ಪೇಸ್ಟ್ ಮಾಡಿ. ಇಂಪೋರ್ಟಿಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿಕೊಂಡು ಹೊಸ ದರದಿಂದ ಹಳೆ ದರ ಕಳೆಯಿರಿ. ಸೊನ್ನೆ ಬಂದ ಸಾಲುಗಳನ್ನೆಲ್ಲ ಡೀಲರನ ಪಟ್ಟಿಯೊಂದಿಗೆ ಕೈಯಾರೆ ನೋಡಿ. ನಿಜವಾದ ತಾರೀಖನ್ನು 'ಷರಾ' ಕಾಲಂನಲ್ಲಿ ನೀವೇ ಬರೆದಿಡಿ. ಇಂಪೋರ್ಟ್ ಆ ಕಾಲಂ ಮುಟ್ಟುವುದಿಲ್ಲ.

ಇನ್ನೊಂದು ತೊಡಕು ಕಾಯಿಲ್ (ವಯರಿನ ಸುರುಳಿ) ಲೆಕ್ಕದ್ದು. ಇಲ್ಲಿ ಸಿಗುವ ಮನೆ ವಯರಿನ ಕಾಯಿಲ್ ಹೆಚ್ಚಾಗಿ 90 ಮೀಟರ್. ಸಾಫ್ಟ್‌ವೇರ್ ಮೊದಲಿನಿಂದಲೇ 100 ಎಂದು ಹಿಡಿದಿರುತ್ತದೆ. ಕಾಯಿಲಿಗೆ 2,700 ರೂಪಾಯಿ ಎಂದಿಟ್ಟುಕೊಳ್ಳಿ: ಮೀಟರಿಗೆ 30 ಬರಬೇಕಾದಲ್ಲಿ 27 ಬರುತ್ತದೆ. 900 ಮೀಟರ್ ಎಳೆಯುವ ಮನೆಯಲ್ಲಿ ಒಂದಿಡೀ ಕಾಯಿಲಿನ ದುಡ್ಡು ಕೈಬಿಟ್ಟಂತೆ. ಯುನಿಟ್ ಸೆಟ್ಟಿಂಗ್‌ನಲ್ಲಿ ಒಮ್ಮೆ 90 ಮಾಡಿದರೆ ಮುಗಿಯಿತು, ಆದರೆ 180 ಮೀಟರಿನ ಕಾಯಿಲಿಗೆ ಬೇರೆ ಯುನಿಟ್ ಮಾಡಲೇಬೇಕು.

ಡಿಸ್ಕೌಂಟಿಗೆ ಇರುವುದು ಒಂದೇ ಖಾನೆ. ಡೀಲರ್ 'ನಲವತ್ತು, ಮೇಲೆ ಐದು' ಅಂದರೆ ನಲವತ್ತು ಕಳೆದು ಉಳಿದದ್ದರ ಮೇಲೆ ಶೇ. 5, ಹಾಗಾಗಿ 45 ಅಲ್ಲ, 43 ಹಾಕಬೇಕು. ಸಾವಿರದ ಲಿಸ್ಟ್ ಪ್ರೈಸಿಗೆ ನಿಜವಾದ ನೆಟ್ ರೇಟ್ 570, 550 ಅಲ್ಲ. ಕೌಂಟರಿನಲ್ಲಿ ಬಾಯಲ್ಲಿ ಹೇಳುವ ರೇಟಿನಲ್ಲಿ ಶೇ. 18ರ ಜಿಎಸ್‌ಟಿ ಸೇರಿದ್ದರೆ 1.18ರಿಂದ ಭಾಗಿಸಿಯೇ ಹಾಕಿ, ಇಲ್ಲದಿದ್ದರೆ ತೆರಿಗೆ ಎರಡು ಸಲ ಬೀಳುತ್ತದೆ.

ಇಷ್ಟೆಲ್ಲ ಇದ್ದೂ ಬಿಡಲು ಮನಸ್ಸಾಗದಿರುವುದು 'ದರ ಲಾಕ್' ಸೌಲಭ್ಯಕ್ಕಾಗಿ. ನಮ್ಮ ಕಡೆ ಸ್ಲ್ಯಾಬಿನ ಪೈಪ್ ಬೀಳುವುದು ಮಳೆಗೆ ಮುಂಚೆ, ಏಪ್ರಿಲ್-ಮೇಯಲ್ಲಿ. ವಯರ್ ಎಳೆಯುವುದು ಗೋಡೆ ಒಣಗಿ ದೀಪಾವಳಿ ಕಳೆದ ಮೇಲೆ. ನಡುವೆ ವಯರಿನ ತಾಮ್ರದ ದರ ಎಲ್ಲಿಗೋ ಹೋಗಿರುತ್ತದೆ. ಒಂದೇ ಎಸ್ಟಿಮೇಟಿನಲ್ಲಿ ಪೈಪ್, ಬಾಕ್ಸ್ ಭಾಗವನ್ನು ಮೇ ದರಕ್ಕೆ ಲಾಕ್ ಮಾಡಿ, ವಯರಿನ ಭಾಗವನ್ನಷ್ಟೇ ನವೆಂಬರಿನಲ್ಲಿ 'ರಿಫ್ರೆಶ್' ಮಾಡಬಹುದು. ಮನೆಯವರಿಗೆ ಎರಡೂ ತಾರೀಖು ಕಾಣುವ ಪ್ರಿಂಟ್ ಕೊಟ್ಟರೆ ವಾದವೇ ಬರುವುದಿಲ್ಲ. ಲಾಕ್ ಮಾಡದೇ ರಿಫ್ರೆಶ್ ಒತ್ತಿದರೆ ಮಾತ್ರ ನೀವು ಕೈಯಲ್ಲಿ ಹಾಕಿದ ಡಿಬಿ (ಎಂಸಿಬಿ ಕೂರಿಸುವ ಪೆಟ್ಟಿಗೆ), ಪಂಪ್ ಸ್ಟಾರ್ಟರ್ ದರಗಳೂ ಅಳಿಸಿಹೋಗುತ್ತವೆ.

ವಾರಕ್ಕೊಮ್ಮೆ ಶನಿವಾರ ಸಂಜೆ ಐದೇ ಐಟಂ ನೋಡಿದರೆ ಸಾಕು: 1.5 ಮತ್ತು 2.5 ಚದರ ಎಂ.ಎಂ. ವಯರ್, 25 ಎಂ.ಎಂ. ಪೈಪ್, 6 ಆಂಪ್ ಸ್ವಿಚ್, ಸಿಂಗಲ್ ಪೋಲ್ ಎಂಸಿಬಿ. ವಯರಿಗೆ ಡೀಲರನ ಪಟ್ಟಿ ಬರುವ ಮೊದಲೇ ಅಂದಾಜು ಹಾಕಬಹುದು. 2.5ರ 90 ಮೀಟರ್ ಕಾಯಿಲಿನಲ್ಲಿ ಹೆಚ್ಚುಕಡಿಮೆ ಎರಡು ಕಿಲೋ ತಾಮ್ರ, 1.5ರದ್ದರಲ್ಲಿ 1.2 ಕಿಲೋ. ತಾಮ್ರ ಕಿಲೋಗೆ 50 ರೂಪಾಯಿ ಏರಿದರೆ 2.5ರ ಕಾಯಿಲಿಗೆ ತೆರಿಗೆ ಬಿಟ್ಟು ನೂರು ರೂಪಾಯಿಯ ಭಾರ ಬಂದೇ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಆ ಏರಿಕೆ ಕಾಣದಿದ್ದರೆ ದರ ಹಳತು ಎಂದೇ ತಿಳಿಯಿರಿ.

ಸಾಗಾಟಕ್ಕೆ ಸಾಫ್ಟ್‌ವೇರ್ ಎಲ್ಲದಕ್ಕೂ ಒಂದೇ ಶೇಕಡಾ ಹಾಕುತ್ತದೆ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ಲಾರಿಯಲ್ಲಿ ವಯರ್ ಕಾಯಿಲ್ ಹಿಡಿಯುವ ಜಾಗ ಎಷ್ಟು, ಮೂರು ಮೀಟರ್ ಉದ್ದದ ಪೈಪ್ ಕಟ್ಟು ಹಿಡಿಯುವುದೆಷ್ಟು? ಪೈಪಿಗೆ ಬೇರೆ ಗುಂಪು ಮಾಡಿ ಸಾಗಾಟ ಹೆಚ್ಚು ಇಡಿ. ಹಾಗೆಯೇ ಕಡಲಬದಿಯ ಮನೆಗಳಿಗೆ ಇನ್ನೊಂದು ಪಾಯಿಂಟ್ ನಮೂನೆ ಮಾಡಿಟ್ಟುಕೊಳ್ಳಿ: ಉಪ್ಪುಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಬಾಕ್ಸ್ ತುಕ್ಕು ಹಿಡಿಯುವುದರಿಂದ ಪಿವಿಸಿ ಬಾಕ್ಸ್, ಕಬ್ಬಿಣದ ಸ್ಕ್ರೂ ಬದಲು ಸ್ಟೇನ್‌ಲೆಸ್ ಸ್ಕ್ರೂ. ಒಮ್ಮೆ ಮಾಡಿದರೆ ಅಂಕೋಲಾ, ಕಾರವಾರದ ಎಲ್ಲ ಎಸ್ಟಿಮೇಟಿಗೂ ಅದೇ ನಡೆಯುತ್ತದೆ.

ವರ್ಷಕ್ಕೆ ಹತ್ತು ಮನೆಗಿಂತ ಕಡಿಮೆ ಮಾಡುವವರಿಗೆ ಎಕ್ಸೆಲ್ ಸಾಕು. ಹೆಚ್ಚಿದ್ದರೆ ತೆಗೆದುಕೊಳ್ಳಿ, ಐದಕ್ಕೆ ಮೂರೂವರೆ ಅಂಕ. ತಾರೀಖಿನ ಕಾಲಂ ಸರಿಮಾಡಿದ ದಿನ ಇನ್ನೊಂದು ಅಂಕ ಸೇರಿಸುತ್ತೇನೆ.