ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದು: ಮೂರು ವರ್ಷದ ಬಳಕೆಯ ನಂತರ

ಪುತ್ತೂರಿನ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಎರಡು ತಗಡಿನ ಡಬ್ಬದ ತುಂಬ ಕ್ಯಾಸೆಟ್‌ಗಳಿದ್ದವು. ಎಣಿಸಿದರೆ 130. ಹೆಚ್ಚಿನವು ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತಿನಲ್ಲೇ ನಡೆಯುವ ಯಕ್ಷಗಾನ. ಸುತ್ತಮುತ್ತ ಎಲ್ಲಿ ಕೂಟ ನಡೆದರೂ ಅಪ್ಪ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಅವುಗಳಲ್ಲಿ ಅರ್ಥ ಹೇಳಿದ ಹಲವರು ಈಗಿಲ್ಲ. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ ಅಲ್ಲ ಇವು. ಹಾಳಾದರೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಮೊದಲು ನಾನು ತಂದದ್ದು ವಾಕ್‌ಮನ್ ಥರದ ಯುಎಸ್‌ಬಿ ಪ್ಲೇಯರ್. 1,800 ರೂಪಾಯಿ. ಕ್ಯಾಸೆಟ್ ಹಾಕಿ, ವಯರ್ ಚುಚ್ಚಿದರೆ ಆಯ್ತು. ಆದರೆ ಭಾಗವತರು ಸ್ವರ ಎಳೆದು ನಿಲ್ಲಿಸಿದ ಕಡೆಯೆಲ್ಲ ಶ್ರುತಿ ನಡುಗುತ್ತಿತ್ತು. ಮಾತಿಗೆ ಅದು ಗೊತ್ತಾಗುವುದಿಲ್ಲ, ಪದ್ಯಕ್ಕೆ ಗೊತ್ತಾಗುತ್ತದೆ. ನಾಲ್ಕನೇ ಕ್ಯಾಸೆಟ್‌ನ ರೀಲನ್ನು ಅದು ಸುತ್ತಿಕೊಂಡು ನುಂಗಿತು. ಪೆನ್ಸಿಲ್ ಹಾಕಿ ತಿರುಗಿಸಿ ಹೇಗೋ ಉಳಿಸಿಕೊಂಡೆ. ಅವತ್ತೇ ಅದನ್ನು ಎತ್ತಿಟ್ಟೆ.

ಆಮೇಲೆ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಸ್ಟೀರಿಯೊ ಡೆಕ್ ಸಿಕ್ಕಿತು. ಹೊಸ ರಬ್ಬರ್ ಬೆಲ್ಟ್ ಹಾಕಿಸಿದ್ದೂ ಸೇರಿ 4,500 ರೂಪಾಯಿ. ಅದರಿಂದ ಬೆಹ್ರಿಂಜರ್ ಯುಸಿಎ202 ಎಂಬ ಪುಟ್ಟ ಸೌಂಡ್ ಕಾರ್ಡ್‌ಗೆ ಕೆಂಪು-ಬಿಳಿ ಪಿನ್, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ. ರೆಕಾರ್ಡ್ ಮಾಡುವುದು ಅಡಾಸಿಟಿ ಎಂಬ ತಂತ್ರಾಂಶದಲ್ಲಿ, ಅದು ಉಚಿತ. ಕಾರ್ಡ್‌ಗೆ ಬೇರೆ ಕರೆಂಟ್ ಬೇಡ. ಇಯರ್‌ಫೋನ್ ಅದಕ್ಕೇ ಚುಚ್ಚಬಹುದು. ಒಳಬರುವ ಸದ್ದನ್ನು ಏರಿಳಿಸುವ ಗುಂಡಿ ಅದರಲ್ಲಿಲ್ಲ, ಹಾಗಾಗಿ ಔಟ್‌ಪುಟ್ ಗುಂಡಿ ಇರುವ ಡೆಕ್ ಹುಡುಕಿ. ಚೆಂಡೆಯ ಜೋರು ಪೆಟ್ಟಿಗೂ ಮೀಟರ್ -6 ಡೆಸಿಬೆಲ್ ದಾಟದ ಹಾಗೆ ಇಟ್ಟುಕೊಳ್ಳುತ್ತೇನೆ. 0 ಮುಟ್ಟಿ ಒಡೆದ ಸದ್ದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ. ಈ ಜೋಡಿಯಲ್ಲಿ ಈವರೆಗೆ 111 ಕ್ಯಾಸೆಟ್ ಇಳಿಸಿದ್ದೇನೆ.

ದುಡ್ಡನ್ನು ಕಾರ್ಡ್‌ಗಿಂತ ಡೆಕ್‌ಗೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದಕ್ಕಿಂತ ಮುಖ್ಯ, ರೀಲಿನ ಸದ್ದನ್ನು ಓದುವ ಹೆಡ್‌ನ ಪಕ್ಕದಲ್ಲಿರುವ ಒಂದು ಸಣ್ಣ ಸ್ಕ್ರೂ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಸ್ವಲ್ಪ ಓರೆಯಾಗಿದ್ದರೆ, ನಮ್ಮ ಹೆಡ್ಡನ್ನೂ ಅಷ್ಟೇ ಓರೆ ಮಾಡಬೇಕು. ಇಲ್ಲದಿದ್ದರೆ ದನಿ ಕಂಬಳಿ ಹೊದ್ದ ಹಾಗೆ ಮಂದವಾಗುತ್ತದೆ. ನಾನು ಸ್ಕ್ರೂ ಮೊದಲಿದ್ದ ಜಾಗವನ್ನು ಗುರುತು ಮಾಡಿಕೊಂಡು, ಎರಡೂ ಚಾನೆಲ್ ಸೇರಿಸಿ ಮೊನೊದಲ್ಲಿ ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸುತ್ತೇನೆ. ಜಾಗಟೆಯ ಕಿಣಿ ಸ್ಪಷ್ಟವಾದ ಕಡೆ ನಿಲ್ಲಿಸುತ್ತೇನೆ. ಮೊದಲ ಸಲ ಹೀಗೆ ಮಾಡಿದಾಗ ಹಿಂದೆ ಕೂತವರ ಕೆಮ್ಮೂ ಕೇಳಿಸಿತು. ಮೈ ಜುಮ್ಮೆಂದಿತು.

ಇನ್ನೊಂದು ತೊಂದರೆ ನಮ್ಮೂರಿನದೇ. ಕರೆಂಟ್ ಇಲ್ಲದ ರಾತ್ರಿ ಅಪ್ಪ ಸೆಲ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ಸೆಲ್ ಇಳಿದಂತೆ ಮೋಟಾರು ನಿಧಾನ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲರೂ ಅವಸರದಲ್ಲಿ, ತೆಳ್ಳಗಿನ ದನಿಯಲ್ಲಿ ಮಾತಾಡುತ್ತಾರೆ. ನನ್ನ ಚಿಕ್ಕಪ್ಪ ಚೆಂಡೆ ಬಾರಿಸುತ್ತಿದ್ದವರು. ಕೇಳಿದ ಕೂಡಲೇ, "ಇದು ಕಪ್ಪು ಎರಡು ಮಾರಾಯ, ನಿನ್ನದು ಬಿಳಿ ಮೂರಕ್ಕೆ ಹೋಗಿದೆ" ಅಂದರು. ಇದು ಹಾರ್ಮೋನಿಯಂನ ಕಪ್ಪು-ಬಿಳಿ ಮನೆಗಳ ಲೆಕ್ಕ. ಒಂದು ಮನೆ ಮೇಲೆ ಅಂದರೆ ವೇಗವನ್ನು ಸುಮಾರು 5.6 ಶೇಕಡಾ ತಗ್ಗಿಸಬೇಕು. ಅಡಾಸಿಟಿಯಲ್ಲಿ ವೇಗ ಬದಲಿಸಿದೆ, ಶ್ರುತಿ ಕೂತಿತು. ಕ್ಯಾಸೆಟ್ ಮುಂದೆ ಹೋದಂತೆ ಸೆಲ್ ಇನ್ನೂ ಇಳಿದಿರುತ್ತದೆ. ಅಂಥದ್ದನ್ನು ತುಂಡು ತುಂಡಾಗಿ ಸರಿಮಾಡಬೇಕು. ಒಂದು ಕ್ಯಾಸೆಟ್‌ಗೆ ಇಡೀ ಭಾನುವಾರ ಹೋದದ್ದುಂಟು.

ಸೊಂಯ್ ಸದ್ದು ತೆಗೆಯುವ ವಿಷಯದಲ್ಲಿ ಆಸೆ ಕಡಿಮೆ ಇರಲಿ. ನಾನು ಮೊದಲು ಜಾಸ್ತಿ ಒರೆಸಿಬಿಟ್ಟೆ. ಜಾಗಟೆಯ ಅನುರಣನ ಹೋಯಿತು, ಮಾತು ನೀರಿನೊಳಗಿಂದ ಬಂದ ಹಾಗಾಯಿತು. ಈಗ 6 ಡೆಸಿಬೆಲ್ ಮಾತ್ರ, ಅದೂ ಪ್ರತಿಯ ಮೇಲೆ. ಇಳಿಸಿದ ಮೂಲವನ್ನು, ಸದ್ದು ಕೆಡದೆ ಫೈಲಿನ ಗಾತ್ರ ಕುಗ್ಗಿಸುವ ಫ್ಲ್ಯಾಕ್‌ನಲ್ಲಿ ಹಾಗೇ ಇಡುತ್ತೇನೆ. 90 ನಿಮಿಷದ ಕ್ಯಾಸೆಟ್ ಕುಗ್ಗಿಸದ ವೇವ್‌ನಲ್ಲಿ ಸುಮಾರು 950 ಎಂಬಿ, ಫ್ಲ್ಯಾಕ್‌ನಲ್ಲಿ ಹೆಚ್ಚು ಕಡಿಮೆ ಅದರ ಅರ್ಧ. ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ, ಒಂದು ತಂಗಿಯ ಮನೆಯಲ್ಲಿದೆ.

ಸಮಯ ಉಳಿಸುವ ದಾರಿ ಇಲ್ಲ. 90 ನಿಮಿಷದ್ದಕ್ಕೆ 90 ನಿಮಿಷ ಬೇಕೇ ಬೇಕು. ನಾನು ಬೇರೆ ಕೆಲಸ ಮಾಡುತ್ತಾ ಬಿಡುವುದಿಲ್ಲ, ಕೂತು ಕೇಳುತ್ತೇನೆ. ಕರ್ಣ ಮಾತಿನ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಎ ಸೈಡ್ ಮುಗಿಯುತ್ತದೆ. ಬಿ ಸೈಡಿನ ಶುರುವಿನಲ್ಲೇ, ಮೈಕಿಗೆ ತೀರಾ ಹತ್ತಿರದಲ್ಲಿ, "ಛೆ, ಆಯ್ತಲ್ಲ" ಎಂದು ಅಪ್ಪ ಪಿಸುಗುಟ್ಟಿದ್ದು ಮೂರು ಕ್ಯಾಸೆಟ್‌ನಲ್ಲಿ ಸಿಕ್ಕಿದೆ. ಚಿಕ್ಕಪ್ಪ ಪಕ್ಕದಲ್ಲಿದ್ದರೆ ದನಿ ಯಾರದೆಂದು ಹೇಳುತ್ತಾರೆ, ಫೈಲಿನ ಹೆಸರಲ್ಲಿ ಬರೆದುಕೊಳ್ಳುತ್ತೇನೆ.

ಶುರು ಮಾಡುವವರು ಕ್ಯಾಸೆಟ್‌ನ ಹಿಂಬದಿಯ ಎರಡೂ ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದುಬಿಡಿ, ತಪ್ಪಿ ಮೇಲೆ ರೆಕಾರ್ಡ್ ಆಗುವುದಿಲ್ಲ. ಐದಾರು ಕ್ಯಾಸೆಟ್‌ಗೊಮ್ಮೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ. ನನ್ನ ಹತ್ತಿ ಪ್ರತಿ ಸಲ ಕಂದು ಬಣ್ಣಕ್ಕೆ ತಿರುಗುತ್ತದೆ.

ಇನ್ನು 19 ಉಳಿದಿವೆ. ಎಲ್ಲಕ್ಕೂ ಮಳೆಗಾಲದ ಬಿಳಿ ಬೂಷ್ಟು ಹಿಡಿದಿದೆ. ಅವನ್ನು ಡೆಕ್‌ಗೆ ಹಾಕಿದರೆ ಹೆಡ್‌ಗೂ ಬೇರೆ ಕ್ಯಾಸೆಟ್‌ಗೂ ಹರಡುತ್ತದೆ. ಸದ್ಯ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿಟ್ಟಿದ್ದೇನೆ. ಜನವರಿಯ ಒಣ ಹವೆಯಲ್ಲಿ ಸ್ಕ್ರೂ ಬಿಚ್ಚಿ, ರೀಲು ಒರೆಸಿ, ಹೊಸ ಚಿಪ್ಪಿಗೆ ಹಾಕಬೇಕು. ಚಿಕ್ಕಪ್ಪನಿಗೆ ಆಗಲೇ ಹೇಳಿಟ್ಟಿದ್ದೇನೆ.